ಲಾಭ ಎಲ್ಲಿಗೆ ಹೋಗುತ್ತದೆ, ಕೊನೆಯ ಮಾತು ಯಾರದ್ದು? ಸಾಮಾಜಿಕ ಉದ್ಯಮವನ್ನು ಗುರುತಿಸುವ ಬಗೆ

ಸಮಾಜಕ್ಕೆ ಒಳ್ಳೆಯದು ಮಾಡುತ್ತಿದ್ದೇವೆ ಎಂದು ಹೇಳಿಕೊಳ್ಳದ ಕಂಪನಿ ಈಗ ಕಡಿಮೆ. ಬ್ಯಾಂಕ್ ಇರಲಿ, ಸಿಮೆಂಟ್ ಕಾರ್ಖಾನೆ ಇರಲಿ, ಆಸ್ಪತ್ರೆ ಇರಲಿ, ವಾರ್ಷಿಕ ವರದಿಯ ನಾಲ್ಕು ಪುಟ ಹಳ್ಳಿ ಶಾಲೆ, ಕೆರೆ, ಮಹಿಳಾ ಸಂಘಗಳಿಗೆ ಮೀಸಲು. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಅದರಿಂದ ಎಷ್ಟೋ ಶಾಲೆಗಳಿಗೆ ಶೌಚಾಲಯ ಬಂದಿದೆ, ನೀರು ಬಂದಿದೆ. ಒಳ್ಳೆಯದೇ. ಆದರೆ ಅದನ್ನೇ ಸಾಮಾಜಿಕ ಉದ್ಯಮ ಎಂದು ತಿಳಿದುಕೊಂಡರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಮೊದಲು ಲಾಭ, ಆಮೇಲೆ ಅದರಲ್ಲೊಂದು ಪಾಲು ದಾನ. ಲಾಭ ಹೇಗೆ ಬಂತು ಎಂಬ ಪ್ರಶ್ನೆಯನ್ನು ಶೇ 2ರ ಕಾನೂನು ಕೇಳುವುದೇ ಇಲ್ಲ.

ಇನ್ನೊಂದು ಕಡೆ ಎನ್‌ಜಿಒಗಳಿವೆ. ಅವು ಯಾರಿಂದಲೋ ಹಣ ತಂದು ಯಾರಿಗೋ ಸೇವೆ ಕೊಡುತ್ತವೆ. ಹಣ ಕೊಡುವವರು ನಿಲ್ಲಿಸಿದ ದಿನ ಕೆಲಸವೂ ನಿಲ್ಲುತ್ತದೆ.

ಸಾಮಾಜಿಕ ಉದ್ಯಮ ಇವೆರಡರಂತೆಯೂ ನಡೆಯುವುದಿಲ್ಲ. ಅದು ಒಂದು ವಸ್ತುವನ್ನೋ ಸೇವೆಯನ್ನೋ ಮಾರುತ್ತದೆ, ಬೆಲೆ ತೆಗೆದುಕೊಳ್ಳುತ್ತದೆ, ಸಂಬಳ ಕೊಡುತ್ತದೆ, ಸಾಲ ತೀರಿಸುತ್ತದೆ. ಯಾವ ಸಮಸ್ಯೆಯನ್ನು ಪರಿಹರಿಸಲು ಹುಟ್ಟಿತೋ ಆ ಪರಿಹಾರವೇ ಅದರ ವ್ಯಾಪಾರ. ಹಾಗಾದರೆ ಮಾಮೂಲಿ ಉದ್ಯಮಕ್ಕೂ ಇದಕ್ಕೂ ಏನು ವ್ಯತ್ಯಾಸ? ಮಾಮೂಲಿ ಉದ್ಯಮಿಯೂ ಜನರಿಗೆ ಬೇಕಾದದ್ದನ್ನೇ ಮಾರುತ್ತಾನೆ, ಕೆಲಸ ಕೊಡುತ್ತಾನೆ, ತೆರಿಗೆ ಕಟ್ಟುತ್ತಾನೆ ಅಲ್ವಾ? ಹೌದು. ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ ಇಬ್ಬರನ್ನೂ ಬೇರೆ ಮಾಡಿ ನೋಡುವುದು ಕಷ್ಟ. ದುಡ್ಡು ಮತ್ತು ಉದ್ದೇಶ ಎದುರುಬದುರು ನಿಂತ ದಿನ ವ್ಯತ್ಯಾಸ ಗೊತ್ತಾಗುತ್ತದೆ. ಆ ದಿನ ಯಾರ ಮಾತು ನಡೆಯಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡ ಉದ್ಯಮವನ್ನೇ ನಾನು ಸಾಮಾಜಿಕ ಉದ್ಯಮ ಎಂದು ಕರೆಯುತ್ತೇನೆ. ಸ್ಥಾಪಕರ ಒಳ್ಳೆಯ ಮನಸ್ಸು ಮುಖ್ಯ, ಆದರೆ ಅದೊಂದನ್ನೇ ನಂಬಿ ಕೂರಲು ಆಗುವುದಿಲ್ಲ.

ದಿನಕ್ಕೆ 10 ರೂಪಾಯಿ

ನಮ್ಮ ಕಡೆಯದ್ದೇ ಉದಾಹರಣೆ ತೆಗೆದುಕೊಳ್ಳೋಣ. 1995ರಲ್ಲಿ ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಸೇರಿ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದರು. ಕರೆಂಟ್ ಇಲ್ಲದ ಮನೆಗಳಿಗೆ ಸೋಲಾರ್ ದೀಪ ಮಾರುವ ಕಂಪನಿ. ಮೂರು ನಂಬಿಕೆಗಳು ಸುಳ್ಳು ಎಂದು ತೋರಿಸುವುದು ಹಂದೆ ಅವರ ಹಟ. ಬಡವರಿಗೆ ಇಂಥ ತಂತ್ರಜ್ಞಾನ ಕೊಳ್ಳಲು ಆಗುವುದಿಲ್ಲ, ಕೊಂಡರೂ ನೋಡಿಕೊಳ್ಳಲು ಬರುವುದಿಲ್ಲ, ಸಮಾಜದ ಕೆಲಸವನ್ನು ವ್ಯಾಪಾರವಾಗಿ ನಡೆಸಲು ಸಾಧ್ಯವಿಲ್ಲ, ಇವೇ ಆ ಮೂರು.

ದೀಪ ಮಾರುವುದು ದೊಡ್ಡ ವಿಷಯ ಆಗಿರಲಿಲ್ಲ. ಮನೆಗೆ ಸೋಲಾರ್ ಹಾಕಿಸಲು ಒಮ್ಮೆಲೇ ಸಾವಿರಗಟ್ಟಲೆ ರೂಪಾಯಿ ಬೇಕು. ಕೂಲಿ ಮಾಡುವವರ ಕೈಯಲ್ಲಿ ಅಷ್ಟು ಇರುವುದಿಲ್ಲ. ಆದರೆ ಅದೇ ಮನೆಯವರು ಸೀಮೆಎಣ್ಣೆಗೆ, ಮೇಣದ ಬತ್ತಿಗೆ ದಿನಾ ಒಂದಿಷ್ಟು ಖರ್ಚು ಮಾಡುತ್ತಲೇ ಇದ್ದರು. ಅವರಲ್ಲಿ ದುಡ್ಡು ಇಲ್ಲ ಎಂಬುದು ಪೂರ್ತಿ ನಿಜವಲ್ಲ. ದುಡ್ಡು ಬರುವ ರೀತಿಗೂ ಬೆಲೆ ಕೇಳುವ ರೀತಿಗೂ ಹೊಂದಾಣಿಕೆ ಇರಲಿಲ್ಲ. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಆದರೆ ಕಟ್ಟಬಹುದು ಎಂದು ಬೀದಿ ಬದಿಯ ವ್ಯಾಪಾರಿಯೊಬ್ಬರು ತಮಗೆ ಹೇಳಿದ್ದನ್ನು ಹಂದೆ ಹಲವು ಭಾಷಣಗಳಲ್ಲಿ ನೆನೆದಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಮೊತ್ತ. ವ್ಯಾಪಾರಿಯ ಬದುಕಿನಲ್ಲಿ ಒಂದೇ ಅಲ್ಲ. ದಿನಾ ಸಂಜೆ ಗಲ್ಲಾದಲ್ಲಿ ಬಿದ್ದದ್ದು ರಾತ್ರಿ ಅಕ್ಕಿಗೆ, ಬೆಳಿಗ್ಗೆ ಮಾಲಿಗೆ ಹೋಗುತ್ತದೆ. ತಿಂಗಳ ಕೊನೆಗೆ 300 ಕೂಡಿಡುವ ಜಾಗವೇ ಆ ಬದುಕಿನಲ್ಲಿಲ್ಲ.

ಹೀಗಾಗಿ ಸೆಲ್ಕೋದವರು ದೀಪದ ಜೊತೆ ಸಾಲದ ವ್ಯವಸ್ಥೆಯನ್ನೂ ಕಟ್ಟಬೇಕಾಯಿತು. ಗ್ರಾಮೀಣ ಬ್ಯಾಂಕುಗಳ, ಸಹಕಾರ ಸಂಘಗಳ ಮ್ಯಾನೇಜರುಗಳ ಮುಂದೆ ಕೂತು, ದೀಪಕ್ಕೆ ಸಾಲ ಕೊಟ್ಟರೆ ವಾಪಸ್ ಬರುತ್ತದೆ ಎಂದು ಮನವರಿಕೆ ಮಾಡಿಸಬೇಕಾಯಿತು. ದೀಪ ಆದಾಯ ತರುವ ವಸ್ತು ಅಲ್ಲವಲ್ಲ ಎಂಬುದು ಬ್ಯಾಂಕಿನ ಸಹಜ ತಕರಾರು. ಕತ್ತಲಾದ ಮೇಲೆ ಎರಡು ಗಂಟೆ ಜಾಸ್ತಿ ಬೀಡಿ ಕಟ್ಟಬಹುದು, ಹೊಲಿಗೆ ಮಾಡಬಹುದು, ತಳ್ಳುಗಾಡಿಯಲ್ಲಿ ವ್ಯಾಪಾರ ಮಾಡಬಹುದು ಎಂದು ಲೆಕ್ಕ ಹಾಕಿ ತೋರಿಸಿದ ಮೇಲೆ ಬಾಗಿಲು ತೆರೆಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬೆಂಬಲದಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಸೋಲಾರ್ ಸಾಲ ಯೋಜನೆ ತಂದವು. ಕರ್ನಾಟಕದಲ್ಲೇ ಹುಟ್ಟಿದ ಈ ಎರಡು ಬ್ಯಾಂಕುಗಳ ಶಾಖೆಗಳು ನಮ್ಮ ಹಳ್ಳಿಗಳಲ್ಲಿ ಹರಡಿದ್ದದ್ದು ಆಗ ದೊಡ್ಡ ಅನುಕೂಲವಾಯಿತು.

ಮಾರಿದ ಮೇಲಿನ ಕೆಲಸ ಇನ್ನೂ ಮುಖ್ಯ. ಒಬ್ಬ ಮಾಮೂಲಿ ಡೀಲರ್ ಏನು ಯೋಚಿಸುತ್ತಾನೆ ನೋಡಿ. ಘಟ್ಟದ ಮೇಲಿನ ಒಂಟಿ ಮನೆಗೆ ಒಂದು ದೀಪ ಮಾರಿದರೆ ಸಿಗುವ ಲಾಭ ಇಷ್ಟು. ಆರು ತಿಂಗಳ ನಂತರ ಬ್ಯಾಟರಿಗೆ ನೀರು ಹಾಕಲು ಹುಡುಗನನ್ನು ಕಳಿಸಿದರೆ ಆ ಲಾಭ ಬಸ್ ಚಾರ್ಜಿಗೆ, ಸಂಬಳಕ್ಕೆ ಹೋಯಿತು. ಅದಕ್ಕಿಂತ ಪಟ್ಟಣದಲ್ಲಿ ಹತ್ತು ವಾಟರ್ ಹೀಟರ್ ಮಾರುವುದು ಮೇಲು. ಅವನ ಲೆಕ್ಕ ಸರಿಯಾಗಿಯೇ ಇದೆ. ಅದೇ ಲೆಕ್ಕದಿಂದಾಗಿಯೇ ಒಂಟಿ ಮನೆ ಕತ್ತಲಲ್ಲಿ ಉಳಿಯುತ್ತದೆ. ಸಾಮಾಜಿಕ ಉದ್ಯಮಿ ಒಂಟಿ ಮನೆಯಿಂದ ಶುರು ಮಾಡಿ ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ಆ ಮನೆಗೆ ದೀಪ ತಲುಪಬೇಕಾದರೆ ಹತ್ತಿರದಲ್ಲಿ ಒಂದು ಶಾಖೆ ಬೇಕು, ಊರಿನದೇ ಹುಡುಗ ರಿಪೇರಿ ಕಲಿತಿರಬೇಕು, ಕಂತು ಅಡಿಕೆ ಕೊಯ್ಲಿಗೋ ಹಾಲಿನ ಬಟವಾಡೆಗೋ ಹೊಂದಬೇಕು. ಇಷ್ಟಕ್ಕೂ ಖರ್ಚು ಎಷ್ಟು, ಅದನ್ನು ಭರಿಸಿ ಕಂಪನಿ ಉಳಿಯುವುದು ಹೇಗೆ? ಇಬ್ಬರೂ ಮಾಡುವುದು ಲೆಕ್ಕವೇ. ಶುರು ಮಾಡುವ ತುದಿ ಬೇರೆ.

ಆ ದಾರಿ ಸುಲಭದ್ದಲ್ಲ. 2005ರ ಸುಮಾರಿಗೆ ಜರ್ಮನಿಯ ಸರ್ಕಾರ ಸೋಲಾರ್‌ಗೆ ಭಾರಿ ಪ್ರೋತ್ಸಾಹ ಕೊಟ್ಟಾಗ ಜಗತ್ತಿನಾದ್ಯಂತ ಪ್ಯಾನೆಲ್‌ಗಳ ಬೆಲೆ ಏರಿತು. ಬರ್ಲಿನ್‌ನ ಒಂದು ನೀತಿಯಿಂದ ಕರ್ನಾಟಕದ ಹಳ್ಳಿಯ ದೀಪ ದುಬಾರಿಯಾಯಿತು. ಸೆಲ್ಕೋ ಆ ವರ್ಷಗಳಲ್ಲಿ ನಷ್ಟಕ್ಕೆ ಸಿಕ್ಕಿತು. ಹೊಸ ಬಂಡವಾಳ ತರುವಾಗ, ಬೇಗ ದೊಡ್ಡ ಲಾಭ ಕೇಳದ ಹೂಡಿಕೆದಾರರನ್ನೇ ಹುಡುಕಿತು. ಹಣ ತುರ್ತಾಗಿ ಬೇಕಿರುವಾಗ ಹಣ ಕೊಡುವವರನ್ನು ಆರಿಸಿ ತೆಗೆದುಕೊಳ್ಳಲು ಧೈರ್ಯ ಬೇಕು. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಪ್ರಶಸ್ತಿಗಿಂತ ಆ ಆಯ್ಕೆ ನನಗೆ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಇನ್ನೊಂದು ಪರೀಕ್ಷೆ ಬಂತು. 2017ರಲ್ಲಿ ಕೇಂದ್ರ ಸರ್ಕಾರ ಸೌಭಾಗ್ಯ ಯೋಜನೆ ತಂದು ಮನೆಮನೆಗೂ ವಿದ್ಯುತ್ ಸಂಪರ್ಕ ಕೊಡಲು ಹೊರಟಿತು. ಮನೆ ದೀಪ ಮಾರುವ ಕಂಪನಿಗೆ ಇದು ಮಾರುಕಟ್ಟೆ ಕರಗುವ ಸುದ್ದಿ. ಆದರೆ ಕತ್ತಲೆ ಹೋಗಬೇಕು ಎಂದೇ ಹುಟ್ಟಿದ ಸಂಸ್ಥೆಗೆ ಕತ್ತಲೆ ಹೋದದ್ದು ನಷ್ಟವೇ? ಇಂದು ಸೆಲ್ಕೋ ಕೆಲಸ ಬಹಳಷ್ಟು ಜೀವನೋಪಾಯದ ಕಡೆ ಹೊರಳಿದೆ. ರೊಟ್ಟಿ ಮಾಡುವ ಯಂತ್ರ, ಹೊಲಿಗೆ ಯಂತ್ರ, ಕಮ್ಮಾರರ ತಿದಿ, ಹಳ್ಳಿಯ ಆರೋಗ್ಯ ಕೇಂದ್ರ, ಇವಕ್ಕೆಲ್ಲ ಸೋಲಾರ್. ಸಮಸ್ಯೆ ಮುಗಿದರೆ ಮುಂದಿನ ಸಮಸ್ಯೆಗೆ ಹೋಗಬೇಕೇ ಹೊರತು, ಹಳೆಯ ಸಮಸ್ಯೆ ಇನ್ನಷ್ಟು ದಿನ ಇರಲಿ ಎಂದು ಬಯಸುವಂತಿಲ್ಲ. ಮಾಮೂಲಿ ಉದ್ಯಮಕ್ಕೆ ಈ ಷರತ್ತು ಇರುವುದಿಲ್ಲ.

ಪ್ರತಿಸ್ಪರ್ಧಿಗೇ ಪಾಠ

ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯ ಕಥೆ ಇದಕ್ಕಿಂತ ಹಳೆಯದು. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ 1976ರಲ್ಲಿ 11 ಹಾಸಿಗೆಗಳ ಆಸ್ಪತ್ರೆ ತೆರೆದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಕೈಗಳಲ್ಲೇ ಸಾವಿರಾರು ಪೊರೆ ಶಸ್ತ್ರಚಿಕಿತ್ಸೆ ಮಾಡಿದವರು ಅವರು.

ಅಲ್ಲಿನ ವ್ಯವಸ್ಥೆ ಹೀಗಿದೆ. ಹಣ ಕೊಡುವ ರೋಗಿಗಳಿಂದ ಬಂದ ಉಳಿಕೆಯಲ್ಲಿ, ಹಣ ಕೊಡಲಾರದ ರೋಗಿಗಳ ಚಿಕಿತ್ಸೆ ನಡೆಯುತ್ತದೆ. ಅರ್ಧಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ಉಚಿತ, ಇಲ್ಲವೇ ತೀರಾ ಕಡಿಮೆ ಬೆಲೆಗೆ. ನಿಮ್ಮ ಬಡತನಕ್ಕೆ ಪುರಾವೆ ಕೊಡಿ ಎಂದು ಯಾರೂ ಕೇಳುವುದಿಲ್ಲ. ಯಾವ ಕಡೆ ಹೋಗಬೇಕು ಎಂದು ರೋಗಿಯೇ ತೀರ್ಮಾನಿಸುತ್ತಾರೆ. ಕೋಣೆ, ಹಾಸಿಗೆಯ ಸೌಕರ್ಯದಲ್ಲಿ ವ್ಯತ್ಯಾಸ ಇರುತ್ತದೆ. ಡಾಕ್ಟರು ಅವರೇ. ಎಲ್ಲರೂ ಉಚಿತದ ಕಡೆಗೇ ಹೋಗಿಬಿಡುವುದಿಲ್ಲವೇ ಎಂಬ ಅನುಮಾನ ಸಹಜ. ಐದು ದಶಕದಿಂದ ಆಸ್ಪತ್ರೆ ನಡೆದಿರುವುದೇ ಅದಕ್ಕೆ ಉತ್ತರ.

ಇಷ್ಟು ಕಡಿಮೆ ಖರ್ಚಿನಲ್ಲಿ ಹೇಗೆ ಸಾಧ್ಯ? ಡಾಕ್ಟರರ ಸಮಯ ಅತಿ ದುಬಾರಿ. ಅದು ಒಂದು ನಿಮಿಷವೂ ಪೋಲಾಗದಂತೆ ಕೆಲಸವನ್ನು ಜೋಡಿಸಿದ್ದಾರೆ. ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಪರೀಕ್ಷೆ, ತಯಾರಿ, ಆರೈಕೆ ಅವರಿಗೆ ವಹಿಸುತ್ತಾರೆ. ಒಂದು ಶಸ್ತ್ರಚಿಕಿತ್ಸೆ ಮುಗಿಯುವ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧ. ಇದರಿಂದ ಇಲ್ಲಿನ ಒಬ್ಬ ಡಾಕ್ಟರು ಬೇರೆ ಕಡೆಗಿಂತ ಹಲವು ಪಟ್ಟು ಜಾಸ್ತಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕಣ್ಣಿನೊಳಗೆ ಇಡುವ ಮಸೂರ ಆಗ ವಿದೇಶದಿಂದ ಬರುತ್ತಿತ್ತು, ನೂರು ಡಾಲರ್ ಹತ್ತಿರ ಬೆಲೆ. 1992ರಲ್ಲಿ ಅರೋಲ್ಯಾಬ್ ಎಂಬ ಘಟಕ ಕಟ್ಟಿ ತಾವೇ ಮಾಡತೊಡಗಿದರು. ಬೆಲೆ ಹತ್ತು ಡಾಲರಿಗೂ ಕೆಳಗೆ ಬಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಉಚಿತ ಎಂದು ಹೇಳಿದ ಕೂಡಲೇ ಜನ ಬರಲಿಲ್ಲ. ಬಸ್ಸಿನ ದುಡ್ಡು, ಊಟ, ಎರಡು ದಿನದ ಕೂಲಿ, ಜೊತೆಗೆ ಬರುವವರ ಕೂಲಿ, ಇವೆಲ್ಲ ಸೇರಿದರೆ ಉಚಿತವೂ ದುಬಾರಿ. ಆಮೇಲೆ ಹಳ್ಳಿಯಲ್ಲೇ ಶಿಬಿರ ಮಾಡಿ, ಅಲ್ಲಿಂದ ಬಸ್ಸಿನಲ್ಲಿ ಕರೆತಂದು, ಊಟ ಕೊಟ್ಟು, ವಾಪಸ್ ಬಿಡುವ ವ್ಯವಸ್ಥೆ ಮಾಡಿದರು. ದಿನಕ್ಕೆ 10 ರೂಪಾಯಿಯ ಪಾಠವೇ ಇದು. ಬಡತನವನ್ನು ಹತ್ತಿರದಿಂದ ನೋಡದೆ ಬೆಲೆ ಕಟ್ಟಿದರೆ ಉಚಿತ ಸೇವೆಯೂ ಖಾಲಿ ಕೂರುತ್ತದೆ.

ಅರವಿಂದದ ಬಗ್ಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. 1992ರಲ್ಲೇ ಅವರು ಒಂದು ತರಬೇತಿ ಸಂಸ್ಥೆ ಶುರು ಮಾಡಿದರು. ತಮ್ಮ ಕೆಲಸದ ವಿಧಾನವನ್ನು ಬೇರೆ ಆಸ್ಪತ್ರೆಗಳಿಗೆ, ಬೇರೆ ದೇಶದವರಿಗೂ ಕಲಿಸುವುದು ಅದರ ಕೆಲಸ. ಮಾಮೂಲಿ ವ್ಯಾಪಾರದಲ್ಲಿ ಇಂಥ ವಿಧಾನ ಗುಟ್ಟಾಗಿರುತ್ತದೆ. ಪೇಟೆಂಟ್ ಇರುತ್ತದೆ, ಬಿಟ್ಟು ಹೋಗುವ ನೌಕರನಿಂದ ಸಹಿ ಹಾಕಿಸಿಕೊಂಡಿರುತ್ತಾರೆ. ಗುಟ್ಟು ಬಿಟ್ಟುಕೊಟ್ಟರೆ ಮಾರುಕಟ್ಟೆಯ ಪಾಲು ಹೋಗುತ್ತದೆ. ಆದರೆ ಕುರುಡುತನ ಕಡಿಮೆಯಾಗಬೇಕು ಎಂಬುದೇ ಗುರಿಯಾದರೆ, ಪಕ್ಕದ ಆಸ್ಪತ್ರೆ ಚೆನ್ನಾಗಿ ಕೆಲಸ ಮಾಡುವುದು ನಮ್ಮ ಗೆಲುವೇ ಆಗುತ್ತದೆ. ಯಾವುದಾದರೂ ಸಂಸ್ಥೆ ನಾವು ಸಾಮಾಜಿಕ ಉದ್ಯಮ ಎಂದರೆ, ಪ್ರತಿಸ್ಪರ್ಧಿಗೆ ನಿಮ್ಮ ವಿಧಾನ ಕಲಿಸುತ್ತೀರಾ ಎಂದು ಕೇಳಿ ನೋಡಬಹುದು.

ಅದೇ ಸಾಲ, ಬೇರೆ ಮಾಲೀಕರು

ಈಗ ಕಷ್ಟದ ಜಾಗಕ್ಕೆ ಬರೋಣ. ಕಿರುಸಾಲ.

1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟರು. ಬಡ್ಡಿ ವ್ಯಾಪಾರಿಗಳ ಕೈಯಿಂದ ಅವರನ್ನು ಬಿಡಿಸಲು ಅಷ್ಟು ಸಾಕಾಯಿತು. 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ಬ್ಯಾಂಕಿಗೂ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಬ್ಯಾಂಕಿನ ಷೇರುಗಳಲ್ಲಿ ಹೆಚ್ಚಿನ ಪಾಲು ಸಾಲ ಪಡೆದ ಹೆಂಗಸರದ್ದೇ. ಬಡ್ಡಿಯಿಂದ ಬಂದ ಲಾಭ ಸುತ್ತಿ ಬಳಸಿ ಅವರಿಗೇ ಸೇರುತ್ತದೆ. ಹೂಡಿಕೆದಾರರು ಹಾಕಿದ ಅಸಲನ್ನಷ್ಟೇ ವಾಪಸ್ ಪಡೆಯಬೇಕು, ಲಾಭಾಂಶ ತೆಗೆದುಕೊಳ್ಳಬಾರದು ಎಂಬುದು ಯೂನುಸ್ ಮುಂದೆ ಪ್ರತಿಪಾದಿಸಿದ ತತ್ವ.

ನಮ್ಮ ಪಕ್ಕದ ಆಂಧ್ರದಲ್ಲಿ ಇದೇ ಮಾದರಿ ಬೇರೆ ದಾರಿ ಹಿಡಿಯಿತು. ಎಸ್‌ಕೆಎಸ್ ಮೈಕ್ರೋಫೈನಾನ್ಸ್ 1990ರ ದಶಕದ ಕೊನೆಯಲ್ಲಿ ಲಾಭರಹಿತ ಸಂಸ್ಥೆಯಾಗಿ ಶುರುವಾಯಿತು. ಬಡ ಹೆಂಗಸರ ಗುಂಪು, ವಾರದ ಕಂತು, ಒಬ್ಬರಿಗೊಬ್ಬರು ಜಾಮೀನು. ಆಮೇಲೆ ಅದು ಲಾಭದ ಕಂಪನಿಯಾಯಿತು. 2010ರ ಆಗಸ್ಟ್‌ನಲ್ಲಿ ಷೇರುಪೇಟೆಗೆ ಬಂದು 1,600 ಕೋಟಿ ರೂಪಾಯಿಗೂ ಜಾಸ್ತಿ ಎತ್ತಿತು. ಎರಡೇ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ, ಆಂಧ್ರ ಸರ್ಕಾರ ಕಿರುಸಾಲ ಸಂಸ್ಥೆಗಳ ಮೇಲೆ ಸುಗ್ರೀವಾಜ್ಞೆ ತಂದಿತು. ಆ ಹೊತ್ತಿಗೆ ಅಲ್ಲಿ ಒಂದೇ ಮನೆಗೆ ನಾಲ್ಕೈದು ಕಂಪನಿಗಳು ಸಾಲ ಕೊಟ್ಟಿದ್ದವು. ಒಂದರ ಕಂತು ಕಟ್ಟಲು ಇನ್ನೊಂದರಿಂದ ಸಾಲ. ವಸೂಲಿಯ ಒತ್ತಡ, ಆತ್ಮಹತ್ಯೆಗಳ ಸುದ್ದಿ. ಬಡವರಿಂದ ಹೂಡಿಕೆದಾರರು ಲಾಭ ಮಾಡುವುದನ್ನು ಯೂನುಸ್ ಆಗ ಬಹಿರಂಗವಾಗಿ ವಿರೋಧಿಸಿದರು.

ಎರಡು ಕಡೆಯೂ ಅದೇ ಸಾಲ, ಅದೇ ಗುಂಪು, ಅದೇ ವಾರದ ಕಂತು. ಮಾಲೀಕರು ಬದಲಾದರು, ಬಂಡವಾಳದ ಸ್ವಭಾವ ಬದಲಾಯಿತು. ಷೇರುಪೇಟೆಯ ಹೂಡಿಕೆದಾರ ಪ್ರತಿ ಮೂರು ತಿಂಗಳಿಗೊಮ್ಮೆ ಬೆಳವಣಿಗೆ ಕೇಳುತ್ತಾನೆ. ಸಾಲದ ಕಂಪನಿ ಬೆಳೆಯುವುದು ಎಂದರೆ ಇನ್ನಷ್ಟು ಜನರಿಗೆ ಇನ್ನಷ್ಟು ಸಾಲ ಕೊಡುವುದು. ಈ ಮನೆ ಈಗಾಗಲೇ ಸಾಲದಲ್ಲಿ ಮುಳುಗಿದೆ, ಇವರಿಗೆ ಬೇಡ ಎಂದು ಹೇಳುವ ಫೀಲ್ಡ್ ಆಫೀಸರಿಗೆ ಅಲ್ಲಿ ಟಾರ್ಗೆಟ್ ತಪ್ಪುತ್ತದೆ. ಆ ಸಂಸ್ಥೆಗಳಲ್ಲಿದ್ದವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮನಸ್ಸಿನಿಂದ ಶುರು ಮಾಡಿದವರೂ ಈ ಒತ್ತಡದ ಮುಂದೆ ಸೋಲುತ್ತಾರೆ.

ಕರ್ನಾಟಕಕ್ಕೆ ಇದು ಹಳೆಯ ಕಥೆ ಅಲ್ಲ. 2025ರ ಜನವರಿಯಲ್ಲಿ ಚಾಮರಾಜನಗರ, ರಾಮನಗರ, ಹಾವೇರಿ ಜಿಲ್ಲೆಗಳಿಂದ ಬಂದ ಸುದ್ದಿಗಳನ್ನು ನೆನಪಿಸಿಕೊಳ್ಳಿ. ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳು. ಹಾವೇರಿಯ ಹೆಂಗಸರು ನಮ್ಮ ಮಾಂಗಲ್ಯ ಉಳಿಸಿ ಎಂದು ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸಿದರು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಶಿಕ್ಷೆ ಬೇಕು, ಸಂದೇಹವಿಲ್ಲ. ಆದರೆ ಶಿಕ್ಷೆ ಬರುವುದು ಬಾಗಿಲ ಮುಂದೆ ಗಲಾಟೆಯಾದ ಮೇಲೆ. ಸಾಲ ಮಂಜೂರಾಗುವ ಮೊದಲೇ ಇದು ಈ ಮನೆಗೆ ಒಳ್ಳೆಯದಾ ಎಂದು ಕೇಳುವ ಹೊಣೆ ಸಂಸ್ಥೆಯೊಳಗೆ ಯಾರಿಗಿದೆ? ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಕೂಲಿ ಮಾಡುವ ಮನೆಯ ಆದಾಯ ಇಷ್ಟೇ ಎಂದು ಫಾರಂನಲ್ಲಿ ಬರೆಯುವವರು ಯಾರು? ಟಾರ್ಗೆಟ್ ಇರುವವರೇ. ಹೀಗಾಗಿಯೇ ಮಾಲೀಕತ್ವದ ಪ್ರಶ್ನೆ ಪುಸ್ತಕದ ಚರ್ಚೆ ಅಲ್ಲ. ಅದು ಹಾವೇರಿಯ ಬಾಗಿಲಿಗೆ ಬಂದು ನಿಲ್ಲುವ ಪ್ರಶ್ನೆ.

ನಮ್ಮಲ್ಲಿ ಮೊದಲೇ ಇದ್ದದ್ದು

ಸಾಮಾಜಿಕ ಉದ್ಯಮ ಎಂದರೆ ಹೊರಗಿನಿಂದ ಬಂದ ಹೊಸ ವಿಚಾರ ಎಂದು ಕೆಲವರು ಮಾತಾಡುತ್ತಾರೆ. ಕರಾವಳಿಯವರು ಅದನ್ನು ಒಪ್ಪಬೇಕಿಲ್ಲ. 1970ರ ದಶಕದ ಶುರುವಿನಲ್ಲಿ ಅಡಿಕೆ ಬೆಲೆ ನೆಲಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಘ ಹುಟ್ಟಿತು. ಕರ್ನಾಟಕ, ಕೇರಳದ ಅಡಿಕೆ ಬೆಳೆಗಾರರೇ ಅದರ ಮಾಲೀಕರು. ಕೆಲವೇ ವರ್ಷದಲ್ಲಿ ಇನ್ನೊಂದು ಪೆಟ್ಟು ಬಿತ್ತು. ತೋಟದ ನಡುವೆ ಕೊಕ್ಕೊ ಬೆಳೆಯಿರಿ ಎಂದು ಹುರಿದುಂಬಿಸಿದ್ದರು, ರೈತರು ಬೆಳೆದರು. 1980ರ ಆಸುಪಾಸಿನಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಕೊಳ್ಳುವ ಕಂಪನಿಗೆ ಅದು ಸರಿಯಾದ ವ್ಯಾಪಾರದ ತೀರ್ಮಾನ. ಕೊಕ್ಕೊ ಕಾಯಿ ಮರದಲ್ಲೇ ಕೊಳೆಯುವ ರೈತನಿಗೆ ಬೇರೆ ದಾರಿ ಇರಲಿಲ್ಲ. ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಖರೀದಿಸಿದ್ದನ್ನು ಏನು ಮಾಡುವುದು ಎಂಬುದಕ್ಕೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಬೆಲೆ ಬಿದ್ದಾಗ ಖರೀದಿಗೆ ಹೊರಡುವ ಕಂಪನಿ ಎಲ್ಲಾದರೂ ಇದೆಯೇ? ಬೆಳೆಗಾರನೇ ಮಾಲೀಕನಾದ್ದರಿಂದ ಇಲ್ಲಿ ಅದು ಸಾಧ್ಯವಾಯಿತು.

ನಂದಿನಿಯೂ ಹೀಗೆಯೇ. ಹಾಲು ಹಾಕುವವರೇ ಸಂಘದ ಸದಸ್ಯರು, ಒಬ್ಬರಿಗೆ ಒಂದು ಓಟು, ಹಸು ಒಂದಿರಲಿ ಹತ್ತಿರಲಿ.

ಆದರೆ ಸಹಕಾರ ಸಂಘ ತನ್ನ ಸದಸ್ಯರ ಹಿತ ಕಾಯುತ್ತದೆ, ಸದಸ್ಯರಲ್ಲದವರದ್ದಲ್ಲ. ತೋಟ ಇರುವವರಿಗೆ ಕ್ಯಾಂಪ್ಕೊ ಇದೆ. ಅದೇ ತೋಟದಲ್ಲಿ ಮರ ಹತ್ತುವವರಿಗೆ ಏನಿದೆ? ಹಸು ಕಟ್ಟಲು ಜಾಗವೇ ಇಲ್ಲದವರಿಗೆ ಹಾಲಿನ ಸಂಘ ಇಲ್ಲ. ಸಂಘದ ಚುನಾವಣೆಗೆ ರಾಜಕೀಯ ನುಗ್ಗಿದರೆ ಕೊನೆಯ ಮಾತು ಸದಸ್ಯರ ಕೈಯಿಂದಲೂ ಜಾರುತ್ತದೆ. ಇದನ್ನೂ ಒಪ್ಪಿಕೊಂಡೇ ಮಾತಾಡಬೇಕು.

ಕಾನೂನಿನ ಬಟ್ಟೆ ಸರಿಯಾಗಿ ಹೊಂದುವುದಿಲ್ಲ

ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಒಬ್ಬ ಹುಡುಗಿ ಸಾಮಾಜಿಕ ಉದ್ಯಮ ಶುರು ಮಾಡಬೇಕು ಎಂದುಕೊಂಡರೆ ಮೊದಲ ತೊಡಕು ನೋಂದಣಿಯದ್ದು. ಭಾರತದಲ್ಲಿ ಸಾಮಾಜಿಕ ಉದ್ಯಮಕ್ಕೆಂದೇ ಪ್ರತ್ಯೇಕ ಕಾನೂನಿನ ರೂಪ ಇಲ್ಲ. ಟ್ರಸ್ಟ್ ಮಾಡಬಹುದು, ಸೊಸೈಟಿ ಮಾಡಬಹುದು, ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿ ಲಾಭಾಂಶ ಹಂಚದ ಕಂಪನಿ ಮಾಡಬಹುದು, ಸಹಕಾರ ಸಂಘ ಅಥವಾ ರೈತರ ಉತ್ಪಾದಕ ಕಂಪನಿ ಮಾಡಬಹುದು, ಸುಮ್ನೆ ಪ್ರೈವೇಟ್ ಲಿಮಿಟೆಡ್ ಕೂಡ ಮಾಡಬಹುದು. ಒಂದೊಂದಕ್ಕೂ ಒಂದೊಂದು ಕೊರತೆ. ಟ್ರಸ್ಟಿಗೆ ದಾನ ಸುಲಭ, ಆದರೆ ಹೂಡಿಕೆ ತರಲು ಆಗುವುದಿಲ್ಲ. ವ್ಯಾಪಾರ ಜಾಸ್ತಿಯಾದರೆ ತೆರಿಗೆ ವಿನಾಯಿತಿಗೂ ಕುತ್ತು. ಸಾಮಾನ್ಯ ಜನೋಪಯೋಗಿ ಕೆಲಸದ ಹೆಸರಿನಲ್ಲಿ ವಿನಾಯಿತಿ ಪಡೆದ ಸಂಸ್ಥೆಯ ವ್ಯಾಪಾರದ ಆದಾಯ ಒಟ್ಟು ಸ್ವೀಕೃತಿಯ ಶೇ 20 ಮೀರುವಂತಿಲ್ಲ. ಪ್ರೈವೇಟ್ ಲಿಮಿಟೆಡ್‌ಗೆ ಹೂಡಿಕೆ ಸಿಗುತ್ತದೆ. ಆದರೆ ನಾಳೆ ಷೇರು ಕೊಂಡವರು ಉದ್ದೇಶವನ್ನೇ ಬದಲಿಸಿದರೆ ತಡೆಯಲು ಏನೂ ಇಲ್ಲ.

ಹೀಗಾಗಿ ಹಲವರು ಎರಡೆರಡು ಸಂಸ್ಥೆ ಕಟ್ಟುತ್ತಾರೆ. ಸೆಲ್ಕೋಗೆ ಕಂಪನಿಯೂ ಇದೆ, ಫೌಂಡೇಷನ್ನೂ ಇದೆ. ಬೆಂಗಳೂರಿನಲ್ಲಿ ಚಿಂದಿ ಆಯುವವರನ್ನು ಸಂಘಟಿಸಿದ ಹಸಿರು ದಳ, ಅವರಿಗೆ ಪಾಲಿಕೆಯಿಂದ ಗುರುತಿನ ಚೀಟಿ ಸಿಗಲು, ಒಣಕಸ ಕೇಂದ್ರಗಳನ್ನು ಅವರೇ ನಡೆಸುವಂತಾಗಲು ದುಡಿಯಿತು. ಅಪಾರ್ಟ್‌ಮೆಂಟುಗಳ ಕಸ ನಿರ್ವಹಣೆಯನ್ನು ಹಣ ಪಡೆದು ಮಾಡಲು ಪ್ರತ್ಯೇಕ ಕಂಪನಿ ಹುಟ್ಟಿಕೊಂಡಿತು. ಹಕ್ಕಿನ ಹೋರಾಟ ಒಂದು ಕೈಯಲ್ಲಿ, ವ್ಯಾಪಾರ ಇನ್ನೊಂದು ಕೈಯಲ್ಲಿ. ಎರಡು ಲೆಕ್ಕಪತ್ರ, ಎರಡು ಆಡಿಟ್, ಎರಡು ಮಂಡಳಿ. ಸಣ್ಣ ಸಂಸ್ಥೆಗೆ ಇದು ಭಾರಿ ಹೊರೆ.

ಸರ್ಕಾರ ಏನೂ ಮಾಡಿಲ್ಲ ಎಂದೇನಲ್ಲ. 2019ರ ಬಜೆಟ್‌ನಲ್ಲಿ ಸಾಮಾಜಿಕ ಷೇರುಪೇಟೆಯ ಘೋಷಣೆ ಆಯಿತು, 2022ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ತಂದಿತು. ಅಲ್ಲಿ ಸಾಮಾಜಿಕ ಉದ್ಯಮ ಎನಿಸಿಕೊಳ್ಳಬೇಕಾದರೆ ಆದಾಯ, ಖರ್ಚು ಅಥವಾ ಫಲಾನುಭವಿಗಳ ಲೆಕ್ಕದಲ್ಲಿ ಕನಿಷ್ಠ ಶೇ 67ರಷ್ಟು ಕೆಲಸ ಹಿಂದುಳಿದ ಜನರಿಗೆ ತಲುಪಿರಬೇಕು. ಲಾಭರಹಿತ ಸಂಸ್ಥೆಗಳು ವಿಶೇಷ ಬಾಂಡ್ ಮೂಲಕ ಹಣ ಎತ್ತಬಹುದು. ಅದಕ್ಕೆ ಬಡ್ಡಿ ಇಲ್ಲ, ಅಸಲೂ ವಾಪಸ್ ಬರುವುದಿಲ್ಲ. ಹಾಗಾದರೆ ಇದು ದಾನವೇ ಅಲ್ವಾ ಎಂದರೆ, ಹೌದು, ದಾನವೇ. ಆದರೆ ಕೊಟ್ಟ ಹಣ ಏನಾಯಿತು ಎಂಬ ವರದಿ ಕಡ್ಡಾಯ, ಸಾಮಾಜಿಕ ಆಡಿಟ್ ಕೂಡ ಇದೆ. 2023ರ ಡಿಸೆಂಬರ್‌ನಲ್ಲಿ ಈ ವೇದಿಕೆಯಲ್ಲಿ ಮೊದಲು ಬಾಂಡ್ ಲಿಸ್ಟ್ ಮಾಡಿದ್ದು ಯುವಕರಿಗೆ ಉದ್ಯೋಗ ತರಬೇತಿ ಕೊಡುವ ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಷನ್. ಎತ್ತಿದ ಮೊತ್ತ 1.8 ಕೋಟಿ ರೂಪಾಯಿ. ಎಸ್‌ಕೆಎಸ್‌ನ 1,600 ಕೋಟಿಯ ಪಕ್ಕದಲ್ಲಿಟ್ಟು ನೋಡಿ. ಲಾಭದ ಆಸೆ ಎಷ್ಟು ಹಣ ಎಳೆಯುತ್ತದೆ, ಉದ್ದೇಶ ಎಷ್ಟು ಎಳೆಯುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಆಡಿಟ್ ವಿಷಯ ಬಂದದ್ದರಿಂದ ಒಂದು ಮಾತು. ಎಣಿಸಲು ಸುಲಭವಾದದ್ದನ್ನೇ ಎಣಿಸುವ ಚಾಳಿ ಇಲ್ಲಿ ಜಾಸ್ತಿ. ಇಷ್ಟು ದೀಪ ಕೊಟ್ಟೆವು, ಇಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂಬ ಅಂಕಿ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಮೂರು ವರ್ಷದ ನಂತರ ಆ ದೀಪ ಉರಿಯುತ್ತಿದೆಯೇ, ತರಬೇತಿ ಪಡೆದವರು ಅದೇ ಕೆಲಸದಲ್ಲಿ ಇದ್ದಾರೆಯೇ ಎಂದು ಹೋಗಿ ನೋಡಲು ಖರ್ಚಾಗುತ್ತದೆ. ಹಣ ಕೊಡುವವರು ಆ ಖರ್ಚನ್ನೂ ಕೊಡಬೇಕು. ಕೊಡದೆ ಫಲಿತಾಂಶ ಕೇಳುವುದು ನ್ಯಾಯವಲ್ಲ.

ಕಾನೂನಿನಲ್ಲಿ ಏನು ಬದಲಾಗಬೇಕು ಎಂದರೆ, ಬ್ರಿಟನ್ 2005ರಿಂದ ಜಾರಿಗೆ ತಂದ ಒಂದು ವ್ಯವಸ್ಥೆಯನ್ನು ನೋಡಬಹುದು. ಅಲ್ಲಿ ಸಮುದಾಯದ ಹಿತಕ್ಕಾಗಿಯೇ ಒಂದು ಬಗೆಯ ಕಂಪನಿ ಇದೆ. ಅದು ವ್ಯಾಪಾರ ಮಾಡಬಹುದು, ಹೂಡಿಕೆ ಪಡೆಯಬಹುದು, ಲಾಭಾಂಶವನ್ನೂ ಕೊಡಬಹುದು. ಆದರೆ ಷೇರು ಬಂಡವಾಳ ಇರುವ ಕಂಪನಿಯಲ್ಲೂ ಹಂಚಬಹುದಾದ ಲಾಭದ ಶೇ 35ಕ್ಕಿಂತ ಜಾಸ್ತಿ ಹಂಚುವಂತಿಲ್ಲ. ಕಂಪನಿಯ ಆಸ್ತಿಯನ್ನು ಮಾಲೀಕರು ತಮ್ಮೊಳಗೆ ಹಂಚಿಕೊಳ್ಳುವಂತಿಲ್ಲ. ಕಂಪನಿ ಮುಚ್ಚಿದರೆ ಉಳಿದ ಆಸ್ತಿ ಅಂಥದ್ದೇ ಇನ್ನೊಂದು ಸಂಸ್ಥೆಗೆ ಅಥವಾ ದತ್ತಿ ಸಂಸ್ಥೆಗೆ ಹೋಗಬೇಕು. ಸ್ಥಾಪಕರು ನಿವೃತ್ತರಾದರೂ, ಹೊಸ ಹೂಡಿಕೆದಾರರು ಬಂದರೂ ಈ ಷರತ್ತು ಬದಲಾಗುವುದಿಲ್ಲ. ನಮ್ಮಲ್ಲಿ 8ನೇ ಸೆಕ್ಷನ್ ಕಂಪನಿಗೆ ಲಾಭಾಂಶ ಪೂರ್ತಿ ನಿಷಿದ್ಧ, ಪ್ರೈವೇಟ್ ಲಿಮಿಟೆಡ್‌ಗೆ ಯಾವ ಮಿತಿಯೂ ಇಲ್ಲ. ನಡುವಿನ ಈ ಜಾಗ ಖಾಲಿ ಇದೆ. ಕಂಪನಿ ಕಾಯ್ದೆ ಕೇಂದ್ರದ ವಿಷಯ, ಆದ್ದರಿಂದ ತಿದ್ದುಪಡಿ ದೆಹಲಿಯಲ್ಲೇ ಆಗಬೇಕು. ಆದರೆ 1997ರಲ್ಲಿ ಸೌಹಾರ್ದ ಸಹಕಾರಿ ಕಾಯ್ದೆ ತಂದು ಸಹಕಾರ ಸಂಘಗಳಿಗೆ ಹೊಸ ರೂಪ ಕೊಟ್ಟ ರಾಜ್ಯ ನಮ್ಮದು. ರಾಜ್ಯದ ಕೈಯಲ್ಲಿರುವ ಸಹಕಾರ ಕಾನೂನಿನಲ್ಲಿ ಕೂಲಿಕಾರರು, ಚಿಂದಿ ಆಯುವವರು, ಬೀದಿ ವ್ಯಾಪಾರಿಗಳು ಮಾಲೀಕರಾಗುವ ಉದ್ಯಮಗಳಿಗೆ ಜಾಗ ಮಾಡಿಕೊಡಲು ಬೆಂಗಳೂರು ಯಾರನ್ನೂ ಕಾಯಬೇಕಿಲ್ಲ.

ಅಲ್ಲಿಯವರೆಗೆ ಹೊಸದಾಗಿ ಶುರು ಮಾಡುವವರು ತಮ್ಮ ಕೈಲಾದ ಭದ್ರತೆ ಮಾಡಿಕೊಳ್ಳಬಹುದು. ಕಂಪನಿಯ ನಿಯಮಾವಳಿಯಲ್ಲೇ ಉದ್ದೇಶ ಬರೆಯಬಹುದು, ಲಾಭಾಂಶಕ್ಕೆ ಮಿತಿ ಹಾಕಬಹುದು. ಗಿರಾಕಿಗಳಿಗೋ ಕೆಲಸಗಾರರಿಗೋ ಮಂಡಳಿಯಲ್ಲಿ ಜಾಗ ಕೊಟ್ಟು, ಉದ್ದೇಶ ಬದಲಿಸುವ ತೀರ್ಮಾನಕ್ಕೆ ಅವರ ಒಪ್ಪಿಗೆ ಬೇಕೇಬೇಕು ಎಂದು ಸೇರಿಸಬಹುದು. ಮೊದಲ ಹೂಡಿಕೆದಾರ ಚೆಕ್ ಬರೆಯುವ ಮುಂಚೆ ಈ ಕಾಗದ ಸಿದ್ಧವಾಗಿರಬೇಕು. ಚೆಕ್ ಬಂದ ಮೇಲೆ ಇದನ್ನು ಸೇರಿಸಲು ಅವರ ಒಪ್ಪಿಗೆಯೂ ಬೇಕಾಗುತ್ತದೆ.